ತೆರೆಯ ಮೇಲಣ ಪಾಠವನ್ನು ಡಿ.ವಿ.ಡಿ.ಗೆ ಇಳಿಸುವ ಕ್ರಮ

ಛಂದಸ್ಸನ್ನು ಕರಿಹಲಗೆಯ ಮೇಲೆ ಬರೆದು ಬೋಧಿಸುವ ಅಧ್ಯಾಪಕನು ಅಕ್ಷರದ ಗಾತ್ರವನ್ನು ಕುರಿತು ಹೆಚ್ಚು ಚಿಂತಿಸಬೇಕಾಗಿಲ್ಲ. ಹಿಂದಿನ ಸಾಲಿನ ಬಾಲಕನಿಗೆ ಕಾಣದಿದ್ದರೆ ಅವನೇ ಎದ್ದು ಹೇಳುತ್ತಾನೆ. ಅದೇ ಪಾಠವನ್ನು ಗಣಕಯಂತ್ರದ ತೆರೆಯ ಮೇಲೆ ಬರೆದು, ಧ್ವನಿಸಹಿತ ಮುದ್ರಿಸಿ, ಡಿ.ವಿ.ಡಿ.ಯಲ್ಲಿ ಊರೂರಿಗೆ ಕಳುಹಿಸಿದಾಗ ಹಾಗೆ ಹೇಳುವವರಿರುವುದಿಲ್ಲ. ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಂತಹ ಗ್ರಾಮದ ಶಾಲೆಯೊಂದರಲ್ಲಿ, ದಾನಿಗಳು ಎಂದೋ ಕೊಟ್ಟ ಹಳೆಯ ದೂರದರ್ಶನ ಪೆಟ್ಟಿಗೆಯ ಮುಂದೆ ಮಕ್ಕಳು ಕುಳಿತಿರುವರೆಂದು ಭಾವಿಸಿಯೇ ಮುದ್ರಣದ ಅಳತೆಗಳನ್ನು ನಿರ್ಣಯಿಸತಕ್ಕದ್ದು.

1982ರಲ್ಲಿ ನಮ್ಮ ದೇಶದ ದೂರದರ್ಶನವು ವರ್ಣಪ್ರಸಾರಕ್ಕೆ ಪಾಲ್ ಪದ್ಧತಿಯನ್ನು ಸ್ವೀಕರಿಸಿತು. ಅದಕ್ಕೆ ಹೊಂದುವ ಡಿ.ವಿ.ಡಿ. ಚಿತ್ರದಲ್ಲಿ ಅಡ್ಡಲಾಗಿ 720, ಉದ್ದಕ್ಕೆ 576 ಬಿಂದುಗಳು. ಸೆಕೆಂಡಿಗೆ 25 ಚಿತ್ರಗಳು. ಇಂದಿನ ಗಣಕದ ತೆರೆಯಾದರೋ ಸಾಮಾನ್ಯವಾಗಿ 1920ಕ್ಕೆ 1080 ಬಿಂದುಗಳದು. ಅದನ್ನು ಇಡಿಯಾಗಿ ಮುದ್ರಿಸಿ ಕುಗ್ಗಿಸಿದರೆ ಎತ್ತರದ ಬಿಂದುಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಉಳಿಯುತ್ತವೆ. ಆಂಗ್ಲ ಲಿಪಿ ಇದನ್ನು ಹೇಗೋ ತಾಳಿಕೊಂಡೀತು. ಕನ್ನಡ ಲಿಪಿ ತಾಳದು. ಅಕ್ಷರದಡಿಯಲ್ಲಿ ಕಿರಿದಾಗಿ ನಿಲ್ಲುವ ಒತ್ತೇ ಮೊದಲು ಕರಗುತ್ತದೆ. ಒತ್ತು ಕರಗಿದರೆ 'ಕತ್ತೆ'ಯು 'ಕತೆ'ಯಾಗುತ್ತದೆ! ನಗೆಯ ಮಾತು ಹಾಗಿರಲಿ. ಸಂಯುಕ್ತಾಕ್ಷರದ ಹಿಂದಣ 'ಕ'ಕಾರವು ಗುರುವಾಗಿದ್ದುದು ಲಘುವಾಗಿ, ಮೂರು ಮಾತ್ರೆಯ ಗಣವು ಎರಡಕ್ಕಿಳಿಯುತ್ತದೆ. ಭಾಮಿನೀ ಷಟ್ಪದಿಯ ಮೂರು ನಾಲ್ಕರ ನಡೆಯನ್ನು ಕಲಿಯುವ ಮಗುವಿಗೆ ಇದಕ್ಕಿಂತ ದೊಡ್ಡ ಅಪಚಾರವುಂಟೆ?

ಆದಕಾರಣ ಬರೆಯುವ ಕಿಟಕಿಯನ್ನೇ ಮೊದಲು ಕಿರಿದುಮಾಡಿಕೊಳ್ಳಬೇಕು. ಹಳೆಯ, ನಾಲ್ಕಕ್ಕೆ ಮೂರರ ಪೆಟ್ಟಿಗೆಗಾದರೆ 768ಕ್ಕೆ 576. ಅಗಲವಾದ ತೆರೆಗಾದರೆ 1024ಕ್ಕೆ 576. ಎರಡರಲ್ಲಿಯೂ ಎತ್ತರದ ಸಾಲುಗಳು ಡಿ.ವಿ.ಡಿ.ಗೆ ಸರಿಸಮನಾದುದರಿಂದ ಆ ದಿಕ್ಕಿನಲ್ಲಿ ಕುಗ್ಗಿಸುವ ಪ್ರಮೇಯವೇ ಇಲ್ಲ. ಹಳೆಯ ಪೆಟ್ಟಿಗೆಗಳು ಚಿತ್ರದ ಅಂಚನ್ನು ನುಂಗುತ್ತವೆಯಾಗಿ ಪ್ರತಿ ಬದಿಯಲ್ಲಿಯೂ ಹತ್ತನೆಯ ಒಂದು ಪಾಲನ್ನು ಖಾಲಿ ಬಿಡುವುದು ಕ್ಷೇಮ. ಸೆಕೆಂಡಿಗೆ 30ರಂತೆ ಮುದ್ರಿಸಿ ಆಮೇಲೆ 25ಕ್ಕಿಳಿಸಿದರೆ ಆರರಲ್ಲೊಂದು ಚಿತ್ರ ಲೋಪವಾಗಿ ಸೂಚಕದ ಬಾಣವು ಕುಂಟುತ್ತದೆ. ಮೊದಲಿಗೇ 25 ಎಂದು ಗೊತ್ತುಮಾಡಬೇಕು.

ಗುರುವಿನ ಚಿಹ್ನೆಯದು ಬೇರೊಂದು ಸಂಕಟ. ಹಳೆಯ ದೂರದರ್ಶನವು ಬೆಸಸಂಖ್ಯೆಯ ಸಾಲುಗಳನ್ನು ಒಮ್ಮೆ, ಸಮಸಂಖ್ಯೆಯವನ್ನು ಇನ್ನೊಮ್ಮೆ ತೋರಿಸುತ್ತದೆ. ಒಂದೇ ಸಾಲಿನಷ್ಟು ತೆಳುವಾದ ಅಡ್ಡಗೆರೆಯು ಒಂದು ಸರದಿಯಲ್ಲಿ ಕಂಡು ಮತ್ತೊಂದರಲ್ಲಿ ಮರೆಯಾಗಿ ಮಿನುಗುತ್ತದೆ. ತಲೆಕಟ್ಟಿಗೂ ಇದೇ ಗತಿ. ಅಡ್ಡಗೆರೆಗೆ ಮೂರು ಸಾಲುಗಳ ದಪ್ಪವಿರಲಿ. ಅಕ್ಷರಕ್ಕೆ ದಪ್ಪನೆಯ ಅಚ್ಚೇ ಇರಲಿ. ಕೆಂಪುಶಾಯಿಯ ಮೇಲೆ ಅಧ್ಯಾಪಕರಿಗಿರುವ ಮೋಹ ಸರ್ವವಿದಿತ. ಆದರೆ ಡಿ.ವಿ.ಡಿ.ಯು ಬಣ್ಣದ ವಿವರವನ್ನು ಎರಡು ದಿಕ್ಕಿನಲ್ಲಿಯೂ ಅರ್ಧಕ್ಕಿಳಿಸುವುದರಿಂದ ಕೆಂಪು ಗುರುತುಗಳು ಕದಡಿದಂತೆ ಕಾಣುತ್ತವೆ. ಕಡುನೀಲಿಯ ಮೇಲೆ ಬಿಳಿಯ ಬರೆಹವೇ ಸ್ಪಷ್ಟ.

ಧ್ವನಿಯನ್ನು ಸೆಕೆಂಡಿಗೆ 48,000 ಮಾದರಿಗಳಂತೆ ಹಿಡಿಯಬೇಕು. 44,100 ಹಾಡಿನ ಸಿ.ಡಿ.ಯ ಲೆಕ್ಕ. ಮೂಲಪ್ರತಿಯನ್ನು ಆದಷ್ಟು ಕಡಮೆ ಸಂಕೋಚಿಸಿ ಕಾದಿರಿಸಿಕೊಂಡು, ಎಂಪೆಗ್-2 ರೂಪಕ್ಕೆ ಒಮ್ಮೆ ಮಾತ್ರ ತಿರುಗಿಸುವುದು ಯುಕ್ತ. 470 ಕೋಟಿ ಬೈಟುಗಳ ಸಾಮಾನ್ಯ ಬಿಲ್ಲೆಯಲ್ಲಿ, ಧ್ವನಿಯೂ ಸೇರಿ ಸೆಕೆಂಡಿಗೆ 80 ಲಕ್ಷ ಬಿಟ್ಟುಗಳಂತೆ 78 ನಿಮಿಷ, 50 ಲಕ್ಷದಂತೆ ಎರಡು ಗಂಟೆ ಹಿಡಿಸುತ್ತದೆ. ಹೆಚ್ಚು ಚಲನೆಯಿಲ್ಲದ ಪಾಠಕ್ಕೆ ಎರಡನೆಯದೇ ಸಾಕು.

ಮರಳಿ ಬರೆಯಬಹುದಾದ ಬಿಲ್ಲೆಯಲ್ಲಿ ಎರಡು ನಿಮಿಷದ ಭಾಗವನ್ನು ಮೊದಲು ಇಳಿಸಿ, ಹಳೆಯ ಪೆಟ್ಟಿಗೆಯಲ್ಲಿ ಹಾಕಿ, ಕೊನೆಯ ಸಾಲಿನ ಬಾಲಕನೊಬ್ಬನಿಂದ ಗುರುಲಘುಗಳನ್ನು ಓದಿಸಿ ನೋಡಿದ ಮೇಲೆಯೇ ಉಳಿದ ಪಾಠಗಳನ್ನು ಮುದ್ರಿಸುವುದು ಲೇಸು.