ಬಿಡಿಭಾಗಗಳಲ್ಲಿ ಮಾರುವ ವಿಮಾನ: ಸಣ್ಣ ತಯಾರಕರಿಗೊಂದು ಪಾಠ

ಚನ್ನಗಿರಿಯ ಅಡಿಕೆ ಸುಲಿಯುವ ಯಂತ್ರವಿರಲಿ, ಜಗಳೂರಿನ ಮೆಕ್ಕೆಜೋಳ ಬಿಡಿಸುವ ಯಂತ್ರವಿರಲಿ, ದೊಡ್ಡದಾದರೆ ಬಿಚ್ಚಿ, ಎರಡು ಮೂರು ಲಾರಿಗಳಲ್ಲಿ ಕಳುಹಿಸಿ, ಗ್ರಾಹಕರ ಸ್ಥಳದಲ್ಲಿ ಜೋಡಿಸಬೇಕಾಗುತ್ತದೆ. ಹೀಗೆ ಮಾರಿದ್ದು ಬಿಡಿಭಾಗಗಳನ್ನೋ, ಯಂತ್ರವನ್ನೋ? ಈ ಪ್ರಶ್ನೆಗೆ ವಿಮಾನವೊಂದರ ಉದಾಹರಣೆಯಿಂದ ಉತ್ತರ ಕಂಡುಕೊಳ್ಳಬಹುದು.

ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ಸಂಸ್ಥೆಯು ತಯಾರಿಸಿದ ‘ಎಕ್ಸ್-ಏರ್’ ಎರಡು ಆಸನಗಳ ಲಘು ವಿಮಾನ. 1990ರ ದಶಕದಿಂದ ಇದು ಬ್ರಿಟನ್, ಅಮೆರಿಕ ಮೊದಲಾದ ದೇಶಗಳಿಗೆ ಕಿಟ್ ರೂಪದಲ್ಲಿ ರಫ್ತಾಯಿತು. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟಿಗೆ ಡೇಕ್ರಾನ್ ಬಟ್ಟೆಯ ಹೊದಿಕೆ ತೊಡಿಸಿ, ಎಂಜಿನ್ ಅಳವಡಿಸಿ, ಕೊಂಡ ಹವ್ಯಾಸಿಯೇ ಕೈಪಿಡಿಯ ನೆರವಿನಿಂದ ವಿಮಾನವನ್ನು ಕಟ್ಟುತ್ತಾನೆ.

ಅಮೆರಿಕದ ವಿಮಾನಯಾನ ನಿಯಮದಂತೆ ಹವ್ಯಾಸಿ ನಿರ್ಮಿತ ವಿಮಾನವೆನಿಸಲು ಕೆಲಸದ ಹೆಚ್ಚಿನ ಪಾಲನ್ನು ಹವ್ಯಾಸಿಗಳೇ ಮಾಡಿರಬೇಕು. ಇದು ‘ಶೇ. 51ರ ನಿಯಮ’ವೆಂದೇ ಪ್ರಸಿದ್ಧ. ವಿಮಾನಯಾನದ ಕಾನೂನು ಕಟ್ಟಿದವರು ಯಾರೆಂದು ಕೇಳುತ್ತದೆ. ತೆರಿಗೆಯ ಕಾನೂನು ಮಾರಿದ ವಸ್ತು ಯಾವುದೆಂದು ಕೇಳುತ್ತದೆ. ಸುಂಕಪಟ್ಟಿಯ ವ್ಯಾಖ್ಯಾನ ನಿಯಮ 2(ಎ) ಪ್ರಕಾರ, ಜೋಡಣೆಯಷ್ಟೇ ಬಾಕಿಯಿರುವ ಸರಕು ಬಿಡಿಯಾಗಿ ಬಂದರೂ ಪೂರ್ಣ ವಸ್ತುವಿನ ವರ್ಗಕ್ಕೇ ಸೇರುತ್ತದೆ. ಜಿಎಸ್‌ಟಿ ದರ ನಿರ್ಣಯಕ್ಕೂ ಈ ವ್ಯಾಖ್ಯಾನ ನಿಯಮಗಳೇ ಆಧಾರ. ಆದುದರಿಂದ ಒಂದೇ ಯಂತ್ರವನ್ನು ‘ಕಬ್ಬಿಣದ ಸಾಮಾನು’, ‘ಮೋಟಾರು’, ‘ಬೋಲ್ಟು’ ಎಂದು ಬೇರೆ ಬೇರೆ ಬಿಲ್ಲುಗಳಲ್ಲಿ ತೋರಿಸುವುದು ಸರಿಯಲ್ಲ.

ಬಿಡಿಯಾಗಿ, ಕಂತುಗಳಲ್ಲಿ ಸಾಗಿಸುವಾಗ ಕೇಂದ್ರ ಜಿಎಸ್‌ಟಿ ನಿಯಮ 55(5)ರಂತೆ ಅನುಸರಿಸಬೇಕಾದ ಕ್ರಮ ಹೀಗಿದೆ:

1. ಮೊದಲ ಲಾರಿ ಹೊರಡುವ ಮುನ್ನವೇ ಇಡೀ ಯಂತ್ರದ ಪೂರ್ಣ ಇನ್‌ವಾಯ್ಸ್ ಸಿದ್ಧವಿರಬೇಕು.
2. ನಂತರದ ಪ್ರತಿ ಕಂತಿಗೂ ಆ ಇನ್‌ವಾಯ್ಸ್‌ನ ಉಲ್ಲೇಖವುಳ್ಳ ಡೆಲಿವರಿ ಚಲನ್ ಬರೆಯಬೇಕು.
3. ಸರಕಿನೊಡನೆ ಆಯಾ ಚಲನ್‌ನ ಪ್ರತಿ ಹಾಗೂ ಇನ್‌ವಾಯ್ಸ್‌ನ ದೃಢೀಕೃತ ಪ್ರತಿ ಇರಬೇಕು.
4. ಇನ್‌ವಾಯ್ಸ್‌ನ ಮೂಲ ಪ್ರತಿ ಹೋಗಬೇಕಾದುದು ಕೊನೆಯ ಲಾರಿಯೊಡನೆ; ಮೊದಲನೆಯದರೊಡನೆ ಅಲ್ಲ.

ಇ-ವೇ ಬಿಲ್ಲನ್ನೂ ವಾಹನವಾರು ಪಡೆಯಬೇಕು.

ಹೊನ್ನಾಳಿಯ ತಯಾರಕರೊಬ್ಬರು ರೂ. 36,000 ತೆರಿಗೆಯುಳ್ಳ ಯಂತ್ರವನ್ನು ಎರಡು ಲಾರಿಗಳಲ್ಲಿ ಕಳುಹಿಸಿದರೆಂದು ಭಾವಿಸೋಣ. ಬಿಲ್ಲು ಮೊದಲ ಲಾರಿಯೊಡನೆ ಹೋಯಿತು. ಎರಡನೆಯದನ್ನು ದಾಖಲೆಯಿಲ್ಲವೆಂದು ತಡೆಯಲಾಯಿತು. 2022ರ ಜನವರಿ 1ರಿಂದ ಕಲಂ 129ರಡಿ, ಮಾಲೀಕರು ಮುಂದೆ ಬಂದಾಗ, ದಂಡ ತೆರಿಗೆಯ ಎರಡು ಪಟ್ಟು. ತಡೆಹಿಡಿದ ಸರಕಿಗೆ ಅನ್ವಯಿಸುವ ತೆರಿಗೆ ರೂ. 18,000 ಆದರೂ ದಂಡ ರೂ. 36,000, ಇಡೀ ಯಂತ್ರದ ತೆರಿಗೆಯಷ್ಟೇ ಮೊತ್ತ! ತೆರಿಗೆ ವಂಚಿಸುವ ಉದ್ದೇಶ ಅವರಿಗಿರಲಿಲ್ಲ. ಕೊರತೆಯಾದದ್ದು ಒಂದು ಚಲನ್ ಮಾತ್ರ.

ಒಂದು ಬೋಲ್ಟ್ ಇಲ್ಲದಿದ್ದರೆ ವಿಮಾನ ಹಾರದು. ಒಂದು ಚಲನ್ ಇಲ್ಲದಿದ್ದರೆ ಲಾರಿ ಮುಂದೆ ಸಾಗದು. ನ್ಯಾಮತಿಯಿಂದ ಹೊರಡುವ ಸರಕಿಗೂ ಬೆಂಗಳೂರಿನಿಂದ ಹೊರಟ ಕಿಟ್ಟಿಗೂ ನೀತಿ ಒಂದೇ: ಸರಕಿನೊಡನೆ ಕಾಗದಪತ್ರಗಳನ್ನೂ ಎಣಿಸಿ ಲಾರಿಗೇರಿಸಬೇಕು.