ಒಮ್ಮೆ ಓದುತ್ತದೆ, ಒಮ್ಮೆ ಓದದು!

ಮಕ್ಕಳೇ, ಟಾರ್ಚ್ ಒತ್ತಿದಾಗ ಬೆಳಕೇ ಬರದಿದ್ದರೆ ಏನು ಮಾಡುತ್ತೀರಿ? ಸೆಲ್ ಬದಲಿಸುತ್ತೀರಿ, ಬಲ್ಬು ನೋಡುತ್ತೀರಿ. ದೋಷ ಎಲ್ಲಿದೆ ಎಂದು ಬೇಗ ತಿಳಿಯುತ್ತದೆ. ಆದರೆ ಅದೇ ಟಾರ್ಚ್ ಒಮ್ಮೆ ಹತ್ತಿ, ಇನ್ನೊಮ್ಮೆ ಹತ್ತದೆ ಸತಾಯಿಸಿದರೆ? ರಿಪೇರಿಯವರ ಮುಂದೆ ಹಿಡಿದಾಗ ಮಾತ್ರ ಚೆನ್ನಾಗಿ ಹತ್ತುತ್ತದೆ! ಪೂರ್ತಿ ಕೆಟ್ಟ ಯಂತ್ರಕ್ಕಿಂತ ಆಗಾಗ ಕೈಕೊಡುವ ಯಂತ್ರವೇ ಹೆಚ್ಚು ಕಷ್ಟ. ಅಂಥ ಒಂದು ಯಂತ್ರವನ್ನು ಈಗ ಪರೀಕ್ಷಿಸೋಣ.

ಜಪಾನಿನ ಸೋನಿ ಕಂಪನಿ 1994ರ ಡಿಸೆಂಬರ್ 3ರಂದು ಪ್ಲೇಸ್ಟೇಷನ್ ಎಂಬ ವಿಡಿಯೋ ಗೇಮ್ ಯಂತ್ರವನ್ನು ಮಾರಾಟಕ್ಕೆ ತಂದಿತು. ಅದು ಬೂದು ಬಣ್ಣದ ಒಂದು ಪೆಟ್ಟಿಗೆ. ಟಿ.ವಿ.ಗೆ ಜೋಡಿಸಿ, ಮುಚ್ಚಳ ತೆರೆದು ಸಿ.ಡಿ. ಇಟ್ಟರೆ ಆಟ ಶುರು. ಅದರ ಮೊದಲ ಮಾದರಿಗಳಿಗೆ ಈಗ 30 ವರ್ಷ ದಾಟಿದೆ. ಆದರೂ ಅವನ್ನು ಜೋಪಾನವಾಗಿ ಇಟ್ಟುಕೊಂಡು ಆಡುವವರು ಹಲವು ದೇಶಗಳಲ್ಲಿದ್ದಾರೆ.

ಆ ಮೊದಲ ಮಾದರಿಗಳಿಗೆ ಒಂದು ಕಾಯಿಲೆ ಇತ್ತು. ಆಟ ಚೆನ್ನಾಗಿಯೇ ಶುರುವಾಗುತ್ತದೆ. ಸ್ವಲ್ಪ ಹೊತ್ತಿನ ಬಳಿಕ ಹಾಡು ತುಂಡು ತುಂಡಾಗುತ್ತದೆ, ಚಿತ್ರ ತಡವರಿಸಿ ನಿಂತುಬಿಡುತ್ತದೆ. ಮರುದಿನ ಮತ್ತೆ ಸರಿ! ಬೇಸತ್ತ ಆಟಗಾರರು ಒಂದು ವಿಚಿತ್ರ ಉಪಾಯ ಕಂಡುಕೊಂಡರು. ಯಂತ್ರವನ್ನೇ ತಲೆಕೆಳಗಾಗಿ ಇಟ್ಟರು. ಎಷ್ಟೋ ಯಂತ್ರಗಳು ಆಗ ಓದತೊಡಗಿದವು. ಡಿಸ್ಕ್ ಬೀಳುವುದಿಲ್ಲವೇ ಎನ್ನುವಿರಾ? ಇಲ್ಲ, ನಡುವಿನ ಗುಂಡಿ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ.

ತಲೆಕೆಳಗಾದರೆ ಯಂತ್ರ ಸರಿಯಾಗುವುದು ಹೇಗೆ? ಇದು ತಿಳಿಯಬೇಕಾದರೆ ಡಿಸ್ಕನ್ನು ಓದುವ ಕ್ರಮ ಮೊದಲು ಗೊತ್ತಿರಬೇಕು.

ಬೆಳಕಿನಿಂದ ಓದು

ನಿಮ್ಮ ಶಾಲೆಯಲ್ಲಿ ಹಳೆಯ ಸಿ.ಡಿ. ಇದ್ದರೆ ಕೈಗೆತ್ತಿಕೊಳ್ಳಿ. ಅದರ ಅಗಲ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ಬಿಸಿಲಿಗೆ ಓರೆ ಮಾಡಿ ಹಿಡಿದರೆ ಕಾಮನಬಿಲ್ಲಿನ ಬಣ್ಣಗಳು ಕಾಣುತ್ತವೆ. ಅದರೊಳಗೆ ಬಹಳ ಸಣ್ಣ ಗುಳಿಗಳ ಒಂದು ಸಾಲು ಸುರುಳಿ ಸುತ್ತಿಕೊಂಡಿರುವುದೇ ಇದಕ್ಕೆ ಕಾರಣ. ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ಇರುವ ದೂರ ಕೇವಲ 1.6 ಮೈಕ್ರೋಮೀಟರ್. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ಒಂದು ಮೈಕ್ರೋಮೀಟರ್. ನಿಮ್ಮ ತಲೆಗೂದಲಿನ ದಪ್ಪದಲ್ಲಿ ಇಂಥ ಸುಮಾರು 40 ಸುತ್ತುಗಳು ಹಿಡಿಸುತ್ತವೆ! ಸುರುಳಿಯನ್ನು ಬಿಚ್ಚಿ ನೇರ ಮಾಡಲು ಸಾಧ್ಯವಾದರೆ ಅದು 5 ಕಿಲೋಮೀಟರಿಗೂ ಉದ್ದ.

ಡಿಸ್ಕಿನ ಕೆಳಗೆ ಒಂದು ಪುಟ್ಟ ಮಸೂರವಿದೆ. ಲೇಸರ್ ಬೆಳಕನ್ನು ಅದು ಗುಳಿಗಳ ಮೇಲೆ ಒಂದು ಚುಕ್ಕೆಯಾಗಿ ಕೂಡಿಸುತ್ತದೆ. ಸಮತಟ್ಟಾದ ಜಾಗದಿಂದ ಬೆಳಕು ಚೆನ್ನಾಗಿ ಮರಳಿ ಬರುತ್ತದೆ, ಗುಳಿಯಿಂದ ಮಂಕಾಗಿ ಬರುತ್ತದೆ. ಈ ಏರಿಳಿತವೇ ಯಂತ್ರಕ್ಕೆ ಅಕ್ಷರ. ಈ ಲೇಸರ್ ನಮ್ಮ ಕಣ್ಣಿಗೆ ಸರಿಯಾಗಿ ಕಾಣದ ಅವಕೆಂಪು ಬೆಳಕು. ಪ್ಲೇಸ್ಟೇಷನ್ನಿನ ಡಿಸ್ಕುಗಳ ತಳ ಕಪ್ಪಾಗಿತ್ತು. ನಮಗೆ ಕಪ್ಪಾಗಿ ಕಂಡರೂ ಅವಕೆಂಪು ಬೆಳಕು ಅದರ ಮೂಲಕ ಸರಾಗವಾಗಿ ಹಾದುಹೋಗುತ್ತದೆ. ಸೊಗಸಾಗಿದೆ ಅಲ್ಲವೇ?

ಓದುವಾಗ ಡಿಸ್ಕ್ ನಿಮಿಷಕ್ಕೆ ನೂರಾರು ಸುತ್ತು ತಿರುಗುತ್ತಾ ಸ್ವಲ್ಪ ಮೇಲೆ ಕೆಳಗೆ ಓಲಾಡುತ್ತದೆ. ಮಸೂರವೂ ಅದರ ಜೊತೆಗೇ ಏರಿಳಿಯಬೇಕು. ಸಣ್ಣ ತಂತಿಸುರುಳಿ ಮತ್ತು ಅಯಸ್ಕಾಂತಗಳು ಈ ಕೆಲಸ ಮಾಡುತ್ತವೆ. ಮಸೂರವನ್ನು ಹೊತ್ತ ಬಂಡಿ ಹಳಿಯ ಮೇಲೆ ಜಾರುತ್ತಾ ಡಿಸ್ಕಿನ ಒಳಗಿನಿಂದ ಹೊರಗೆ ಸಾಗುತ್ತದೆ. ಒಂದೆರಡು ಅಕ್ಷರ ತಪ್ಪಿದರೆ ಯಂತ್ರ ಲೆಕ್ಕ ಹಾಕಿ ತಾನೇ ತುಂಬಿಕೊಳ್ಳುತ್ತದೆ. ತಪ್ಪು ಮಿತಿಮೀರಿದರೆ ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಯತ್ನಿಸುತ್ತದೆ. ಆಗ ಚಿತ್ರ ನಿಂತಂತೆ ಕಾಣುತ್ತದೆ.

ಈಗ ಕಾಯಿಲೆಗೆ ಬರೋಣ. ಪ್ಲೇಸ್ಟೇಷನ್ನಿನ ಮೊದಲ ಮಾದರಿಗಳಲ್ಲಿ ಲೇಸರ್ ಭಾಗ ಪವರ್ ಸಪ್ಲೈಗೆ ತೀರಾ ಹತ್ತಿರವಿತ್ತು. ಪವರ್ ಸಪ್ಲೈ ಕೆಲಸ ಮಾಡುತ್ತಾ ಬಿಸಿಯಾಗುತ್ತದೆ. ಪಕ್ಕದಲ್ಲೇ ಜಾರುವ ಬಂಡಿಯೋ ಪ್ಲಾಸ್ಟಿಕ್ಕಿನದು! ಉಜ್ಜಿ ಉಜ್ಜಿ ಅದು ಸವೆಯಿತು. ಸವೆದ ಬಂಡಿ ತುಸು ಓರೆಯಾಗಿ ಕುಳಿತರೆ ಮಸೂರವೂ ಓರೆ. ಮರಳುವ ಬೆಳಕು ಗುರಿ ತಪ್ಪಲು ಅಷ್ಟು ಸಾಕು. ಯಂತ್ರವನ್ನು ಮಗುಚಿದಾಗ ಬಂಡಿಯ ಭಾರ ಸವೆದ ಕಡೆಯಿಂದ ಇನ್ನೊಂದು ಕಡೆಗೆ ಬೀಳುತ್ತದೆ. ಓರೆ ಕಡಿಮೆಯಾಗುತ್ತದೆ. ಗುರುತ್ವದ ದಿಕ್ಕನ್ನು ಬದಲಿಸುವ ಒಂದು ಪ್ರಯೋಗವನ್ನೇ ಆಟಗಾರರು ತಿಳಿಯದೆ ಮಾಡಿದ್ದರು! ಅದು ರಿಪೇರಿಯಲ್ಲ ನಿಜ, ಆದರೆ ಒಳ್ಳೆಯ ಸುಳಿವು. ಮುಂದಿನ ಮಾದರಿಗಳಲ್ಲಿ ಕಂಪನಿಯೇ ಲೇಸರನ್ನು ಪವರ್ ಸಪ್ಲೈನಿಂದ ದೂರ ಇರಿಸಿತು.

ಕಳ್ಳನನ್ನು ಹಿಡಿಯುವ ಬಗೆ

ಕೈಕೊಡುವ ಯಂತ್ರಗಳೆಲ್ಲ ಇದೇ ಕಾಯಿಲೆಯವು ಎಂದು ತಿಳಿಯಬೇಡಿ. ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬದಲಿಸಿದ್ದನ್ನೂ ಕಂಡದ್ದನ್ನೂ ಪುಸ್ತಕದಲ್ಲಿ ಬರೆಯಬೇಕು.

ಮೊದಲು ಬೇರೆ ಡಿಸ್ಕ್ ಹಾಕಿ ನೋಡಬೇಕು. ಒಂದೇ ಡಿಸ್ಕ್, ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತರೆ ಅನುಮಾನ ಡಿಸ್ಕಿನ ಮೇಲೆ. ಎಲ್ಲ ಡಿಸ್ಕುಗಳೂ ನಿಂತರೆ ಯಂತ್ರದ ಮೇಲೆ. ಡಿಸ್ಕ್ ಒರೆಸುವುದಾದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ದುಂಡಗೆ ಉಜ್ಜಬೇಡಿ. ಅಡ್ಡಗೀರು ಒಂದೊಂದು ಸುತ್ತನ್ನೂ ಕ್ಷಣಮಾತ್ರ ದಾಟುತ್ತದೆ, ತಪ್ಪಿದ್ದನ್ನು ಯಂತ್ರ ತುಂಬಿಕೊಳ್ಳಬಲ್ಲದು. ದುಂಡನೆಯ ಗೀರು ಸಾಲಿನ ಗುಂಟ ಬಹುದೂರ ಹಾಳು ಮಾಡುತ್ತದೆ. ಇನ್ನೊಂದು ವಿಷಯ. ಹೊಳೆಯುವ ಪದರ ಇರುವುದು ಹೆಸರು ಅಚ್ಚಾದ ಬದಿಯ ಹತ್ತಿರ. ಆದ್ದರಿಂದ ಆ ಬದಿಯ ಗೀರೇ ಹೆಚ್ಚು ಅಪಾಯ!

ಆಮೇಲೆ ಹೊತ್ತನ್ನು ಗಮನಿಸಬೇಕು. ತಣ್ಣಗಿದ್ದಾಗ ಓದದೆ, ಬಿಸಿಯಾದ ಮೇಲೆ ಓದಿದರೆ ಹಳಿಯ ಗ್ರೀಸ್ ಗಟ್ಟಿಯಾಗಿರಬಹುದು. ತಣ್ಣಗಿದ್ದಾಗ ಓದಿ, ಬಿಸಿಯಾದ ಮೇಲೆ ನಿಂತರೆ ಶಾಖದ ಕಡೆ ನೋಡಬೇಕು. ಡಿಸ್ಕಿನ ಒಳಭಾಗ ಸರಿಯಿದ್ದು ಹೊರಭಾಗ ಮಾತ್ರ ಓದದಿದ್ದರೆ? ಬಂಡಿ ಹಳಿಯ ಕೊನೆಯ ತನಕ ಹೋಗುತ್ತಿಲ್ಲ ಎನ್ನಬಹುದು. ಹೊತ್ತುಗೊತ್ತಿಲ್ಲದೆ, ತುಸು ಅಲುಗಿದರೂ ನಿಂತರೆ ಸಡಿಲವಾದ ವೈರನ್ನು ಹುಡುಕಬೇಕು. ಮಸೂರದ ಮೇಲೆ ಕುಳಿತ ದೂಳೂ ಕಾರಣವಿರಬಹುದು.

ಲೇಸರಿನ ಪಕ್ಕದಲ್ಲಿ ಅದರ ಬಲ ಹೆಚ್ಚು ಕಡಿಮೆ ಮಾಡುವ ಒಂದು ಪುಟ್ಟ ತಿರುಪು ಇದೆ. ಅನೇಕರು ಮೊದಲು ಕೈಹಾಕುವುದೇ ಅದಕ್ಕೆ. ತಿರುಗಿಸಿದರೆ ಕೆಲವು ದಿನ ಯಂತ್ರ ಚೆನ್ನಾಗಿ ಓದಲೂಬಹುದು. ಆದರೆ ಹೆಚ್ಚು ಬಲದಲ್ಲಿ ದುಡಿದ ಲೇಸರ್ ಬೇಗ ಮುಪ್ಪಾಗುತ್ತದೆ. ತಪ್ಪು ಸವೆದ ಬಂಡಿಯದು, ಶಿಕ್ಷೆ ಒಳ್ಳೆಯ ಲೇಸರಿಗೆ! ಮೊದಲು ತಿರುಪು ಎಲ್ಲಿತ್ತು ಎಂದು ಗುರುತು ಮಾಡಿಕೊಳ್ಳದಿದ್ದರೆ ಹಿಂದಕ್ಕೆ ತರುವುದೂ ಕಷ್ಟ. ಆದ್ದರಿಂದ ಅದು ಎಲ್ಲಕ್ಕಿಂತ ಕಡೆಯ ಮದ್ದು.

ಎಚ್ಚರಿಕೆ: ಇಂಥ ಯಂತ್ರದ ಪೆಟ್ಟಿಗೆಯನ್ನು ನೀವು ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು. ಲೇಸರ್ ಕಣ್ಣಿಗೆ ಸರಿಯಾಗಿ ಕಾಣದಿದ್ದರೂ ಕಣ್ಣನ್ನು ಸುಡಬಲ್ಲದು. ಮುಚ್ಚಳ ಮುಚ್ಚಿದಾಗ ಮಾತ್ರ ಲೇಸರ್ ಹೊತ್ತಿಕೊಳ್ಳುವಂತೆ ಅಲ್ಲೊಂದು ಸ್ವಿಚ್ ಇಟ್ಟಿರುವುದು ಅದಕ್ಕೇ. ಬಿಚ್ಚುವ ಕೆಲಸ ಬಲ್ಲ ದೊಡ್ಡವರದು. ನೋಡಿ, ಬರೆದು, ಊಹಿಸುವ ಕೆಲಸ ನಿಮ್ಮದು.

ನೀವೇ ಕಂಡುಹಿಡಿಯಿರಿ

ಒಬ್ಬಳು ಹುಡುಗಿಯ ಟಿಪ್ಪಣಿ ಹೀಗಿದೆ ಎಂದುಕೊಳ್ಳಿ.

ಸೋಮವಾರ: ಮೊದಲ ಡಿಸ್ಕ್ 20 ನಿಮಿಷ ಓಡಿ ನಿಂತಿತು. ಯಂತ್ರ ತಣ್ಣಗಾಗಲು ಬಿಟ್ಟು ಸಂಜೆ ಎರಡನೆಯ ಡಿಸ್ಕ್ ಹಾಕಿದೆ. ಅದೂ 20 ನಿಮಿಷಕ್ಕೆ ನಿಂತಿತು.
ಮಂಗಳವಾರ: ಯಂತ್ರದ ಪಕ್ಕ ಫ್ಯಾನ್ ಇಟ್ಟೆ. ಮೊದಲ ಡಿಸ್ಕ್ ಒಂದು ಗಂಟೆ ಓಡಿತು.
ಬುಧವಾರ: ಫ್ಯಾನ್ ತೆಗೆದೆ. ಅದೇ ಡಿಸ್ಕ್ 20 ನಿಮಿಷಕ್ಕೆ ನಿಂತಿತು.

ದೋಷ ಡಿಸ್ಕಿನದೋ, ಯಂತ್ರದ್ದೋ? ಯಾವ ದಿನದ ಟಿಪ್ಪಣಿಯಿಂದ ಅದು ತಿಳಿಯಿತು? ಮಂಗಳವಾರ ಯಂತ್ರ ಚೆನ್ನಾಗಿ ಓಡಿದ ಮೇಲೂ ಅವಳು ಬುಧವಾರ ಫ್ಯಾನ್ ತೆಗೆದು ನೋಡಿದ್ದು ಏಕೆ?