ಏಳೋ ಎಂಟೋ? ನಮ್ಮೂರ ಕಟ್ಟಡಗಳಲ್ಲಿ ಒಂದು ಒಗಟಿನ ಡಬ್ಬಿ



ಕಳೆದ ಸಂಚಿಕೆಯ ಕೊನೆಯ ಪುಟದಲ್ಲಿ ನಾನು ಕೊಟ್ಟಿದ್ದ ಒಗಟು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅದನ್ನು ಬಿಡಿಸಲು ಹೋದ ಪ್ರಥಮ ಪಿಯುಸಿಯ ಮೂವರು ತಮ್ಮಂದಿರು ಯಾರದೋ ಮನೆಯ ಗೇಟಿನ ಮುಂದೆ ನಿಂತು ಬೈಸಿಕೊಂಡ ಸುದ್ದಿಯೂ ಕಾಲೇಜಿನಲ್ಲಿ ಹರಡಿದೆ. ತಪ್ಪು ಅವರದಲ್ಲ, ನನ್ನದು. ಅದು ಹೇಗೆ ಆಯಿತು, ಇಂಥ ಒಗಟನ್ನು ಹೇಗೆ ಕಟ್ಟಬೇಕು ಎಂಬುದನ್ನು ಬರೆಯಲು ಇತಿಹಾಸದ ಸರ್ ಹೇಳಿದ್ದಾರೆ.

ಮೊದಲು ಆಟದ ಪರಿಚಯ. ಇದರ ಹೆಸರು ಜಿಯೋಕ್ಯಾಚಿಂಗ್. ಒಬ್ಬರು ಒಂದು ಡಬ್ಬಿಯಲ್ಲಿ ಚಿಕ್ಕ ನೋಟ್‌ಬುಕ್ ಇಟ್ಟು, ಎಲ್ಲೋ ಮರೆಯಲ್ಲಿರಿಸಿ, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ತಿಳಿಸುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಿ, ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಬರುತ್ತಾರೆ. ಜಿಪಿಎಸ್ ಅಮೆರಿಕದ ಸೇನೆಯದು. ಸಾಮಾನ್ಯ ಜನರಿಗೆ ಸಿಗುವ ಸಂಕೇತದಲ್ಲಿ ಅವರು ಬೇಕೆಂದೇ ಸುಮಾರು 100 ಮೀಟರ್‌ನಷ್ಟು ತಪ್ಪು ಸೇರಿಸುತ್ತಿದ್ದರು. 2000ನೇ ಇಸವಿಯ ಮೇ ತಿಂಗಳ ಆರಂಭದಲ್ಲಿ ಅದನ್ನು ತೆಗೆದುಹಾಕಿದರು. ಮೇ 3ರಂದೇ ಡೇವ್ ಅಲ್ಮರ್ ಎಂಬವರು ಆರೆಗಾನ್ ರಾಜ್ಯದಲ್ಲಿ ಒಂದು ಬಕೆಟ್ ಬಚ್ಚಿಟ್ಟರು. ಆಟ ಶುರುವಾದದ್ದು ಹಾಗೆ.

ಒಗಟಿನ ಡಬ್ಬಿಯಲ್ಲಿ ಮಾತ್ರ ಜಾಗದ ಅಂಕಿಗಳನ್ನು ನೇರವಾಗಿ ಕೊಡುವುದಿಲ್ಲ. ಅವುಗಳನ್ನು ನೀವೇ ಕಂಡುಹಿಡಿಯಬೇಕು. ನಾನು ಅಂಕಿಗಳನ್ನೆಲ್ಲ ವಿಜಯಪುರದ ಹಳೆಯ ಕಟ್ಟಡಗಳಲ್ಲಿ ಅಡಗಿಸಿದೆ. ಡಬ್ಬಿಯನ್ನಲ್ಲ, ಅಂಕಿಗಳನ್ನು ಮಾತ್ರ. ಸಂರಕ್ಷಿತ ಸ್ಮಾರಕದ ಕಲ್ಲಿನ ಸಂದಿಯಲ್ಲಿ ಏನನ್ನೂ ತುರುಕಬಾರದು, ಅಂಟಿಸಬಾರದು. ಡಬ್ಬಿ ಇರುವುದು ನಮ್ಮ ಕಾಲೇಜಿನ ಕಾಂಪೌಂಡಿನೊಳಗೆ, ಪ್ರಾಂಶುಪಾಲರ ಲಿಖಿತ ಅನುಮತಿಯೊಂದಿಗೆ. ಒಳಗಿರುವುದು ಕಾಣಲೆಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಮೇಲೆ ಕಾಲೇಜಿನ ಹೆಸರು. ವಾರಸುದಾರರಿಲ್ಲದ ಡಬ್ಬಿ ಕಂಡರೆ ಜನ ಹೆದರುತ್ತಾರೆ, ಹೆದರುವುದು ಸಹಜವೇ.

ಈಗ ಅಂಕಿಗಳ ವಿಷಯ. ನಾನು ಬಹಳ ಹೊತ್ತು ಕಳೆದದ್ದು ಮಲಿಕ್-ಇ-ಮೈದಾನ್ ತೋಪಿನ ಹತ್ತಿರ. ಹೆಸರಿನ ಅರ್ಥ ರಣರಂಗದ ಒಡೆಯ. ತೂಕ ಸುಮಾರು 55 ಟನ್. ಬಾಯಿಯ ಭಾಗದಲ್ಲಿ ಸಿಂಹದ ತಲೆ, ಅದರ ದವಡೆಯಲ್ಲಿ ಸಿಕ್ಕಿ ನಲುಗುತ್ತಿರುವ ಆನೆ. ಹುಟ್ಟಿದ್ದು ನಮ್ಮೂರಲ್ಲಲ್ಲ, ಅಹ್ಮದನಗರದಲ್ಲಿ. ಎರಕ ಹೊಯ್ದವನು ಮುಹಮ್ಮದ್ ರೂಮಿ. ಇದರ ಮೇಲಿನ ಒಂದು ಬರಹ ಹಿಜರಿ 956 ಎನ್ನುತ್ತದೆ, ಇನ್ನೊಂದು ಹಿಜರಿ 1097. ಮೊದಲನೆಯದು ಎರಕದ ವರ್ಷ. ಎರಡನೆಯದು ಔರಂಗಜೇಬ ಬಿಜಾಪುರವನ್ನು ಗೆದ್ದದ್ದಕ್ಕೆ ಸಂಬಂಧಿಸಿದ್ದು. ಗೆದ್ದವನು ಸೋತವರ ತೋಪಿನ ಮೇಲೆಯೇ ತನ್ನ ಹೆಸರು ಬರೆಸಿದ.

ಹಿಜರಿ ವರ್ಷವನ್ನು ಕ್ರಿಸ್ತಶಕಕ್ಕೆ ತರುವುದು ಸುಲಭ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ, ಅಂದರೆ ಸೌರ ವರ್ಷಕ್ಕಿಂತ 11 ದಿನ ಕಡಿಮೆ. ರಂಜಾನ್ ಪ್ರತಿ ವರ್ಷ ಹಿಂದೆ ಸರಿಯುವುದು ಇದಕ್ಕೇ. ಆದ್ದರಿಂದ ಹಿಜರಿ ಸಂಖ್ಯೆಯನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಉತ್ತರ ಹತ್ತಿರ ಬರುತ್ತದೆ. 956ಕ್ಕೆ 1549, 1097ಕ್ಕೆ 1686. ಈಗ ಗಮನಿಸಿ: ಹಿಜರಿಯಲ್ಲಿ ಎರಡರ ನಡುವಿನ ಅಂತರ 141, ಕ್ರಿಸ್ತಶಕದಲ್ಲಿ 137. ನಾಲ್ಕು ವರ್ಷ ಎಲ್ಲಿ ಹೋಯಿತು? ಎಲ್ಲಿಯೂ ಹೋಗಿಲ್ಲ, ದಿನಕ್ಕೆ ಹನ್ನೊಂದರಂತೆ ಅಲ್ಲ, ವರ್ಷಕ್ಕೆ ಹನ್ನೊಂದು ದಿನದಂತೆ ಸೇರಿಕೊಂಡಿದೆ. ನನ್ನ ಒಂದು ಅಂಕಿ ಈ 4.

ತೋಪಿನಿಂದ ಉಪ್ಲಿ ಬುರುಜು ದೂರವಿಲ್ಲ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಕಾವಲು ಗೋಪುರ, ಮೆಟ್ಟಿಲು ಹೊರಗಡೆಯೇ ಸುತ್ತಿಕೊಂಡು ಹೋಗುತ್ತದೆ. ಅಲ್ಲಿ ಅಂಕಿ ಇಟ್ಟಿಲ್ಲ. ಹತ್ತಿ ಊರನ್ನು ನೋಡಿ, ಅಷ್ಟೆ.

ಇಬ್ರಾಹಿಂ ರೋಜಾದಲ್ಲಿ ಕೇಳಿದ್ದು ದಿಕ್ಕಿನ ಪ್ರಶ್ನೆ. ಒಂದೇ ಜಗುಲಿಯ ಮೇಲೆ ಎದುರುಬದುರಾಗಿ ಎರಡು ಕಟ್ಟಡ, ಒಂದು ಸಮಾಧಿ, ಒಂದು ಮಸೀದಿ. ದಿಕ್ಸೂಚಿ ಇಲ್ಲದೆ ಪೂರ್ವ ಯಾವುದೆಂದು ಹೇಳುವುದು ಹೇಗೆ? ನಮ್ಮ ನಾಡಿನಿಂದ ಕಿಬ್ಲಾ ಪಶ್ಚಿಮಕ್ಕೆ. ಮಸೀದಿ ಜಗುಲಿಯ ಪಶ್ಚಿಮದಲ್ಲಿದೆ, ಹಾಗಾಗಿ ಸಮಾಧಿ ಪೂರ್ವಕ್ಕೆ. ಎರಡನೇ ಇಬ್ರಾಹಿಂ ಆದಿಲ್‌ಶಾಹ ಇದನ್ನು ಪತ್ನಿ ತಾಜ್ ಸುಲ್ತಾನಾಗೆಂದು ಕಟ್ಟಿಸತೊಡಗಿದ, ಕೊನೆಗೆ ತಾನೂ ಅಲ್ಲೇ ಮಲಗಿದ.

ಇನ್ನೊಂದು ಅಂಕಿಗೆ ಅಬ್ಜದ್ ಬಳಸಿದೆ. ಅರಬಿ ಅಕ್ಷರಗಳಿಗೆ ಒಂದೊಂದು ಬೆಲೆ ಕೊಡುವ ಹಳೆಯ ಪದ್ಧತಿ ಇದು. ಅಂಗಡಿಯ ಬೋರ್ಡಿನಲ್ಲಿ 786 ಕಾಣುತ್ತದಲ್ಲ, ಅದು ಬಿಸ್ಮಿಲ್ಲಾದ ಅಕ್ಷರಗಳ ಮೊತ್ತ. ಹಿಂದಿನ ಕವಿಗಳು ಕಟ್ಟಡ ಮುಗಿದ ವರ್ಷವನ್ನು ಒಂದು ಸಾಲಿನೊಳಗೆ ಹೀಗೆ ಹುದುಗಿಸುತ್ತಿದ್ದರು. ನಾನು ಸುಮ್ಮನೆ 'ಗೋಲ್' ಎಂಬ ಪದವನ್ನು ಕೂಡಿಸಿ ನೋಡಿದೆ. ಗಾಫ್ ಅಕ್ಷರ ಅರಬಿಯಲ್ಲಿ ಇಲ್ಲದ್ದರಿಂದ ಕಾಫ್‌ನ ಬೆಲೆ 20, ವಾವ್ 6, ಲಾಮ್ 30. ಒಟ್ಟು 56. ಗೋಲಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡದ್ದು 1656ರಲ್ಲಿ! ಇದು ಯಾರೂ ಇಟ್ಟ ಗುಟ್ಟಲ್ಲ, ಬರೀ ಕಾಕತಾಳೀಯ. ಆದರೆ ಇಸವಿ ಇನ್ನು ಮರೆಯುವುದಿಲ್ಲ.

ಎಡವಿದ್ದೂ ಗೋಲಗುಮ್ಮಟದಲ್ಲೇ. 'ಮೂಲೆಯ ಗೋಪುರಕ್ಕೆ ಎಷ್ಟು ಅಂತಸ್ತು?' ಎಂದು ಕೇಳಿದ್ದೆ. ಪುಸ್ತಕದಲ್ಲಿ ಏಳು ಎಂದಿದೆ. ನಾನೂ ಚಿಕ್ಕಂದಿನಿಂದ ಏಳು ಎಂದೇ ಕೇಳಿದ್ದೇನೆ. ಆ ಮೂವರು ಮಾತ್ರ ಹುಲ್ಲುಹಾಸಿನ ಮೇಲೆ ಕೂತು ನಿಜವಾಗಿಯೂ ಎಣಿಸಿದರು, ತುದಿಯ ಪುಟ್ಟ ಗುಮ್ಮಟವನ್ನೂ ಸೇರಿಸಿ ಎಂಟು ಎಂದರು. ನೋಡಿಯೇ ಎಣಿಸಿದವರಿಗೆ ತಪ್ಪು ಉತ್ತರ, ನೋಡದೆ ಬರೆದ ನನಗೆ ಸರಿ ಉತ್ತರ.

ಒಂದು ಅಂಕಿಗೆ ಎಷ್ಟು ದೂರ? ಅಕ್ಷಾಂಶದ ಒಂದು ಮಿನಿಟು ಸುಮಾರು 1.85 ಕಿಲೋಮೀಟರ್. ನಾವು ಮಿನಿಟಿನ ನಂತರ ಮೂರು ದಶಮಾಂಶ ಸ್ಥಾನ ಬರೆಯುತ್ತೇವೆ. ಕೊನೆಯ ಸ್ಥಾನದಲ್ಲಿ ಒಂದು ಹೆಚ್ಚಾದರೆ ಎರಡು ಮೀಟರೂ ಇಲ್ಲ, ಮೊಬೈಲ್ ಜಿಪಿಎಸ್ಸೇ ಅಷ್ಟು ತಪ್ಪುತ್ತದೆ. ನಡುವಿನದಾದರೆ 18 ಮೀಟರ್. ಮೊದಲನೆಯದಾದರೆ 185 ಮೀಟರ್. ನಾನು ಅಂತಸ್ತಿನ ಸಂಖ್ಯೆಯನ್ನು ಇಟ್ಟದ್ದು ಮೊದಲನೇ ಸ್ಥಾನದಲ್ಲಿ.

ಹಾಗಾಗಿ ಅವರು ಕಾಲೇಜಿನಿಂದ 185 ಮೀಟರ್ ಉತ್ತರಕ್ಕೆ, ಒಂದು ಮನೆಯ ಗೇಟಿನ ಹತ್ತಿರ, ಮೊಬೈಲ್ ನೋಡುತ್ತ ಗಿಡದ ಬುಡ ಕೆದಕುತ್ತಿದ್ದರು. ಮನೆಯ ಹಿರಿಯರು ಹೊರಬಂದು, “ಏನ್ ಹುಡುಕಾಕತ್ತೀರಿ ಇಲ್ಲಿ? ಯಾರ ಮಕ್ಕಳು ನೀವು?” ಎಂದು ಜೋರು ಮಾಡಿದರು. ಸುತ್ತ ನಾಲ್ಕಾರು ಜನ ಸೇರಿದರು. ಒಬ್ಬರು ಹುಡುಗರ ಫೋಟೋ ತೆಗೆದುಕೊಂಡರು. ಚಿಕ್ಕವನಿಗೆ ಬಾಯಿಂದ ಮಾತೇ ಹೊರಡಲಿಲ್ಲ. ನನಗೆ ಫೋನ್ ಬಂದಾಗ ಓಡಿಹೋದೆ, ಕೈಯಲ್ಲಿ ಪ್ರಾಂಶುಪಾಲರ ಪತ್ರ. ಅದರ ಒಂದು ಪ್ರತಿಯನ್ನು ಆಟಕ್ಕೆ ಹೊರಡುವ ಪ್ರತಿಯೊಬ್ಬರಿಗೂ ಕೊಡಬೇಕಿತ್ತು, ನಾನು ಕೊಟ್ಟಿರಲಿಲ್ಲ.

ಹಿರಿಯರು ಪತ್ರವನ್ನು ಎರಡು ಸಲ ಓದಿದರು. “ಫೋಟೋ ಅಳಿಸಿಬಿಡಪಾ” ಎಂದು ಆ ಮನುಷ್ಯನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಎಂಟಲ್ಲೋ ತಮ್ಮಾ, ಏಳು. ಆದರ ನೀ ಕೇಳಿದ್ದು ಸರಿಯಿಲ್ಲ. ಮ್ಯಾಲಿನ ಗುಮ್ಮಟ ಬಿಟ್ಟು ಅಂತ ಬರೀಬೇಕಿತ್ತು” ಎಂದರು. “ತಪ್ಪಾತ್ರಿ ಅಜ್ಜಾ” ಎಂದೆ. ಬೇರೆ ಏನು ಹೇಳುವುದಿತ್ತು?

ಒಗಟನ್ನು ತಿದ್ದಿದ್ದೇನೆ. ಅಂತಸ್ತಿನ ಪ್ರಶ್ನೆಗೆ ಅಜ್ಜ ಹೇಳಿದ ಮಾತನ್ನೇ ಸೇರಿಸಿದ್ದೇನೆ. ಬಾರಾ ಕಮಾನಿನ ಪ್ರಶ್ನೆಯನ್ನು ತೆಗೆದೇಬಿಟ್ಟೆ. ಬಾರಾ ಎಂದರೆ ಹನ್ನೆರಡು, ಆದರೆ ಎರಡನೇ ಅಲಿ ಆದಿಲ್‌ಶಾಹನ ಆ ಸಮಾಧಿ ಅರ್ಧಕ್ಕೇ ನಿಂತದ್ದು. ಹೆಸರು ನಂಬಿದವರಿಗೆ ಒಂದು ಉತ್ತರ, ಎಣಿಸಿದವರಿಗೆ ಇನ್ನೊಂದು ಬರುತ್ತದೆ. ಕೊನೆಗೆ ಎಲ್ಲ ಅಂಕಿಗಳ ಮೊತ್ತವನ್ನೂ ಕೊಟ್ಟಿದ್ದೇನೆ. ನಿಮ್ಮ ಮೊತ್ತ ಹೊಂದದಿದ್ದರೆ ಹೊರಡುವ ಮೊದಲೇ ತಪ್ಪು ಗೊತ್ತಾಗುತ್ತದೆ. ಈ ಒಂದು ಸಾಲು ಮೊದಲೇ ಇದ್ದಿದ್ದರೆ ಆ ಗೇಟಿನ ಪ್ರಸಂಗವೇ ನಡೆಯುತ್ತಿರಲಿಲ್ಲ.

ಡಬ್ಬಿಯ ಪುಸ್ತಕದಲ್ಲಿ ಮೊದಲ ಹೆಸರುಗಳು ಆ ಮೂವರದೇ. ಅವರ ಕೆಳಗೆ, ನಡುಗುವ ಕೈಬರಹದಲ್ಲಿ, ಅಜ್ಜನ ಸಹಿಯೂ ಇದೆ. ತಿದ್ದಿದ ಒಗಟು ಗ್ರಂಥಾಲಯದ ನೋಟಿಸ್ ಬೋರ್ಡಿನಲ್ಲಿದೆ. ಅನುಮತಿ ಪತ್ರದ ಪ್ರತಿಯನ್ನು ಇತಿಹಾಸದ ಸರ್ ಹತ್ತಿರ ಪಡೆದುಕೊಂಡೇ ಹೊರಡಿ. ಡಬ್ಬಿಯೊಳಗಿನ ಪೆನ್ಸಿಲ್ ಸವೆದುಹೋಗಿದೆ, ಬರುವಾಗ ಒಂದು ತನ್ನಿ.